ನಾನು ಬರೆದ ಸಾಲು ಅಲ್ಲಿರಲಿಲ್ಲ

ಸಿಂಗಾನಲ್ಲೂರು, ಕೊಯಮತ್ತೂರು
11 ಫೆಬ್ರವರಿ 2019

ಇಸಕ್ಕಿದೊರೈ ಅವರಿಗೆ,

ನಾನು ಕಯಲ್ವಿಳಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಈಗ ನನ್ನ ನಂಬರನ್ನೇ ತಡೆದಿದ್ದೀರಿ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಹರಿದು ಬಿಸಾಡುವುದಿದ್ದರೆ ಓದಿ ಬಿಸಾಡಿ.

ನೀವು ನೋಡಿಕೊಳ್ಳುವ ಕಯತ್ತಾರಿನ ಗಾಳಿಯಂತ್ರಗಳಿಗೆ ನಮ್ಮ ಕಂಪನಿ ಕೂರಿಸಿದ ಹೊಸ ಕಂಟ್ರೋಲ್ ಬೋರ್ಡಿನ ಪ್ರೋಗ್ರಾಂ ಬರೆದವಳು ನಾನು. ಕಳೆದ ಜುಲೈಯಲ್ಲಿ, ಆಡಿ ತಿಂಗಳ ಗಾಳಿಯಲ್ಲಿ, ಅಂಥ ಒಂದು ಬೋರ್ಡ್ ಕ್ರ್ಯಾಶ್ ಆಗಿ, ಬ್ರೇಕ್ ಬೀಳದೆ, ಯಂತ್ರದ ರೆಕ್ಕೆ ಮುರಿಯಿತು. ಗಾಳಿ ಅಳೆಯುವ ಬಟ್ಟಲಿನಿಂದ ಬರುವ ಕೇಬಲ್ ತುಂಡಾಗಿತ್ತಂತೆ. ಕೇಬಲ್ ತುಂಡಾಗಿ ಅಳತೆ ಬಾರದಿದ್ದರೆ ಮರುಮಾತಿಲ್ಲದೆ ಬ್ರೇಕ್ ಹಾಕು ಎಂದು ಆ ಪ್ರೋಗ್ರಾಂನಲ್ಲಿ ನಾನು ಬರೆದಿದ್ದೆ. ಬರೆದು ಸುಮ್ಮನೆ ಕೂರಲಿಲ್ಲ, ಇಕ್ಕಳ ಹಿಡಿದು ಕೇಬಲ್ ಕತ್ತರಿಸಿ ನೋಡಿದ್ದೆ. ಬ್ರೇಕ್ ಬಿದ್ದಿತ್ತು.

ಕಂಪನಿ ಹೇಳಿದ್ದು ಬೇರೆ. ಇವಳು ಪರೀಕ್ಷೆಯನ್ನೇ ಮಾಡಿಲ್ಲ, ಮಾಡಿದೆ ಎಂದು ಸುಳ್ಳು ಬರೆದಿದ್ದಾಳೆ ಎಂದು ನನ್ನನ್ನು ಹೊರಗೆ ಹಾಕಿದರು. ಈ ಊರಲ್ಲಿ ಯಾವ ಕಂಪನಿಯ ಬಾಗಿಲಿಗೆ ಹೋದರೂ ನನಗಿಂತ ಮೊದಲೇ ಆ ಮಾತು ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತದೆ.

ಆ ದಿನದ ಬೋರ್ಡ್ ನಿಮ್ಮ ಹತ್ತಿರ ಇದೆ ಎಂದು ಕೇಳಿದೆ. ಕೊಡಿ. ಅದರ ಮೆಮೊರಿ ಚಿಪ್ಪಿನೊಳಗೆ ಏನಿದೆ ಎಂದು ನಾನು ನೋಡಬೇಕು. ನಾನು ಸುಳ್ಳಿ ಅಲ್ಲ.

ಕಯಲ್ವಿಳಿ

*

ಕಯತ್ತಾರು
23 ಫೆಬ್ರವರಿ 2019

ಇಂಜಿನಿಯರಮ್ಮನಿಗೆ,

ಓದಿದೆ. ನಿಮ್ಮ ಕಾಗದದಲ್ಲಿ ಬೋರ್ಡ್ ಇದೆ, ಕೇಬಲ್ ಇದೆ, ಕುರ್ಚಿ ಕೂಡ ಇದೆ. ಮನುಷ್ಯ ಎಲ್ಲಿ? ನನ್ನ ಜೊತೆಯಲ್ಲೇ ಕೆಲಸ ಮಾಡ್ತಿದ್ದ ನನ್ನ ಹೆಂಡತಿಯ ತಮ್ಮ ಸುಡಲೈಮುತ್ತುವಿನ ಹೆಸರು ನಿಮ್ಮ ಲೇಖನಿಗೆ ಬರಲಿಲ್ಲವೇ?

ಗೊತ್ತಿಲ್ಲದಿದ್ದರೆ ತಿಳ್ಕೊಳ್ಳಿ. ಆವತ್ತು ಆ ಗಾಳಿ ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗ್ತಿತ್ತು. ನಿಮ್ಮ ಬೋರ್ಡಿನ ಪರದೆ ಆರಿ ಹೋಗೋದು, ಹೊತ್ತಿಕೊಳ್ಳೋದು, ಮತ್ತೆ ಆರೋದು. ನಾನು ಇನ್ನೊಂದು ಫ್ಯಾನಿನ ಹತ್ತಿರ ಇದ್ದೆ. "ಲೇ, ಹತ್ತಿರ ಹೋಗಬೇಡ್ವೋ!" ಅಂತ ಫೋನಿನಲ್ಲಿ ಕೂಗಿದೆ. ಅವನು, "ಭಾವಾ, ರಸ್ತೆ ಆಚೆ ಆಡು ಮೇಯಿಸೋ ಹೆಂಗಸರಿದ್ದಾರೆ, ಕೈಬ್ರೇಕ್ ಎಳೆದು ಬಂದ್ಬಿಡ್ತೀನಿ" ಅಂದ. ಎಳೆದ. ಅಷ್ಟರಲ್ಲಿ ರೆಕ್ಕೆ ಸೀಳಿ ಬಿತ್ತು. ಬಲಗಾಲು ಮಂಡಿಯ ಮೇಲಿಂದ ಹೋಯ್ತು.

ನೀವು ತಪ್ಪು ಒಪ್ಕೊಂಡು ಊರು ಬಿಟ್ಟಿರಿ ಅಂತ ನಿಮ್ಮ ಮ್ಯಾನೇಜರ್ ತಿರುಮೂರ್ತಿ ನನ್ನ ಮುಂದೆ ನಿಂತು ಹೇಳಿದರು. ಈಗ ನಿಮ್ಮ ಮಾನ ತೊಳ್ಕೊಳ್ಳೋಕೆ ನನ್ನ ಹತ್ತಿರ ಬೋರ್ಡ್ ಕೇಳ್ತೀರಾ? ಬೋರ್ಡ್ ಇಲ್ಲ. ಗುಜರಿಗೆ ಹಾಕಿದೆ.

ಇನ್ನು ಬರೆಯಬೇಡಿ.

ಇಸಕ್ಕಿದೊರೈ

*

ಸಿಂಗಾನಲ್ಲೂರು
2 ಮಾರ್ಚ್ 2019

ಇಸಕ್ಕಿದೊರೈ ಅವರಿಗೆ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ.

ಸುಡಲೈಮುತ್ತು ಅವರ ಹೆಸರು ಬರೆಯಲು ನಾಲ್ಕು ಸಲ ಹೊರಟು ನಾಲ್ಕು ಸಲ ಹೊಡೆದು ಹಾಕಿದೆ. ಅವರ ಹೆಸರು ಹೇಳಿ ನಿಮ್ಮಿಂದ ಬೋರ್ಡ್ ಕೇಳಿದರೆ ಅವರ ಹೋದ ಕಾಲಿನ ಮೇಲೆ ವ್ಯಾಪಾರ ಮಾಡಿದಂತೆ ಎಂದುಕೊಂಡೆ. ಹೇಳದೇ ಹೋದರೆ ಅದಕ್ಕಿಂತ ಕೀಳು ಎಂದು ನೀವು ತೋರಿಸಿದಿರಿ. ಸರಿ.

ಆದರೆ ಊರು ಬಿಟ್ಟೆ ಎಂದು ಹೇಳಿದವನ ನಾಲಿಗೆ ಸೀಳಬೇಕು. ರೆಕ್ಕೆ ಬಿದ್ದ ಮಾರನೆಯ ದಿನವೇ ನಾನು ತಿರುನೆಲ್ವೇಲಿಗೆ ಬಂದಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ತಿರುಮೂರ್ತಿ ನಿಂತಿದ್ದರು. "ಒಳಗೆ ಹೋಗಬೇಡ ಅಮ್ಮಿಣಿ. ಮನೆಯವರು ನಿನ್ನ ಮುಖ ನೋಡಿದರೆ ಚಪ್ಪಲಿಯಲ್ಲಿ ಹೊಡೀತೀವಿ ಅಂತಿದ್ದಾರೆ. ಆ ಇಸಕ್ಕಿದೊರೈ ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು ಕೂತಿದ್ದಾನೆ" ಎಂದರು. ಹೆದರಿದೆ. ವಾಪಸು ಬಸ್ಸು ಹತ್ತಿದೆ. ಚಪ್ಪಲಿ ಏಟು ತಿಂದಾದರೂ ಒಳಗೆ ಬರಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ತಪ್ಪು ಒಪ್ಪಿಕೊಂಡೆನೇ? ಅವರ ಕೋಣೆಯಲ್ಲಿ ನಡೆದದ್ದು ಕೇಳಿ. "ಪರೀಕ್ಷೆ ಮಾಡಿಲ್ಲ ಅಂತ ಬರೆದುಕೊಡು, ಮರ್ಯಾದೆಯಿಂದ ಕಳಿಸ್ತೀನಿ." "ಮಾಡಿದ್ದೀನಿ ಸರ್." "ಮಾಡಿದ್ದರೆ ಬ್ರೇಕ್ ಯಾಕೆ ಬೀಳಲಿಲ್ಲ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ನನ್ನ ಮೌನವನ್ನೇ ಅವರು ಒಪ್ಪಿಗೆ ಎಂದು ಮಾರಿಕೊಂಡಿದ್ದಾರೆ.

ಒಂದು ಮಾತು. ನಿಮ್ಮಲ್ಲಿ ಉಳಿದ ಯಂತ್ರಗಳಿಗೂ ಅದೇ ಬೋರ್ಡು ಇದೆ. ನನ್ನ ಮಾನ ಹಾಳಾಗಿ ಹೋಗಲಿ. ಮತ್ತೆ ಆಡಿ ಬರುತ್ತದೆ.

ಕಯಲ್ವಿಳಿ

*

ಕಯತ್ತಾರು
26 ಮಾರ್ಚ್ 2019

ಕಯಲ್ವಿಳಿಯಮ್ಮಾ,

ಚಪ್ಪಲಿ ಮಾತು ನಮ್ಮ ಮನೇಲಿ ಯಾರೂ ಆಡಿಲ್ಲ. ಆವತ್ತು ನನ್ನ ಕೈಯಲ್ಲಿ ಸ್ಪ್ಯಾನರ್ ಎಲ್ಲಿಂದ ಬರಬೇಕು? ರಕ್ತದ ಬಾಟಲಿ ಹಿಡ್ಕೊಂಡು ನಿಂತಿದ್ದೆ. ನಿಮ್ಮ ಕಾಗದ ಸುಡಲೈಗೆ ಓದಿ ಹೇಳಿದೆ. "ಪಾಪ, ಆ ಹುಡುಗಿ ಬಂದಿದ್ದರೆ ಒಂದು ಕಾಫಿಯಾದ್ರೂ ತರಿಸ್ಕೊಂಡು ಕುಡೀತಿದ್ದೆ. ನೀವೆಲ್ಲ ಅಳ್ತಾ ಕೂತಿದ್ರಿ, ನನಗೆ ಯಾರೂ ಕಾಫಿ ಕೊಡಲಿಲ್ಲ" ಅಂದ. ಅವನು ಹಾಗೇ.

ತಡವಾಗಿ ಬರೆಯೋದಕ್ಕೆ ಕಾರಣ ಇದೆ. ದೋಷ ಸರಿ ಮಾಡಿದೀವಿ ಅಂತ ನಿಮ್ಮ ಹಳೇ ಕಂಪನಿ ಎಲ್ಲ ಫ್ಯಾನಿಗೂ ಹೊಸ ಪ್ರೋಗ್ರಾಂ ತುಂಬಿ ಹೋಯ್ತು. ಆಮೇಲೆ ಒಂದು ಫ್ಯಾನಿನ ಕೇಬಲ್ಲನ್ನ ಅಳಿಲು ಕಡೀತು. ಪರದೆ ಆರಿತು, ಹೊತ್ತಿತು, ಆರಿತು. ಅದೇ ಆಟ. ಮಾಸಿ ತಿಂಗಳ ಸತ್ತ ಗಾಳಿ, ಹಾಗಾಗಿ ಬಚಾವ್. ಕೈಬ್ರೇಕ್ ಎಳೆದು ಅಲ್ಲೇ ಮಣ್ಣಲ್ಲಿ ಕೂತ್ಬಿಟ್ಟೆ. ತಿರುಮೂರ್ತಿಗೆ ಫೋನ್ ಮಾಡಿದೆ. "ಅಳಿಲಿಗೆಲ್ಲ ಪ್ರೋಗ್ರಾಂ ಬರೆಯೋಕಾಗುತ್ತೇನಯ್ಯಾ?" ಅಂತ ನಕ್ಕರು.

ಆ ನಗುವಿಗೆ ಈ ಪಾರ್ಸೆಲ್ಲು. ಬೋರ್ಡ್ ಗುಜರಿಗೆ ಹಾಕಿರಲಿಲ್ಲ. ಬರೋ ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಸಿಂಗಾನಲ್ಲೂರು ಸ್ಟ್ಯಾಂಡಿಗೆ ಬರುತ್ತೆ, ಡ್ರೈವರ್ ಹತ್ತಿರ ಇಸ್ಕೊಳ್ಳಿ. ಅಳಿಲಿನ ಬೋರ್ಡನ್ನೂ ಇಟ್ಟಿದೀನಿ.

ಇಸಕ್ಕಿದೊರೈ

*

ಸಿಂಗಾನಲ್ಲೂರು
9 ಏಪ್ರಿಲ್ 2019

ಇಸಕ್ಕಿ ಅಣ್ಣಾ,

ಅಣ್ಣ ಎನ್ನುವುದಕ್ಕೆ ಬೇಡ ಎನ್ನಬೇಡಿ.

ಎರಡೂ ಚಿಪ್ಪುಗಳನ್ನು ಓದಿದೆ. ನಾವು ಬರೆಯುವ ಪ್ರೋಗ್ರಾಂ ಚಿಪ್ಪಿಗೆ ಹಾಗೇ ಅರ್ಥವಾಗುವುದಿಲ್ಲ. ಕಂಪೈಲರ್ ಎನ್ನುವ ತಂತ್ರಾಂಶ ಅದನ್ನು ಚಿಪ್ಪಿನ ಭಾಷೆಗೆ ತಿರುಗಿಸಿ ಕೊಡುತ್ತದೆ. ಹಾಗೆ ತಿರುಗಿಸಿದ ಆಜ್ಞೆಗಳನ್ನು ಒಂದೊಂದಾಗಿ ಬಿಡಿಸಿ, ಹೀರೇಕಾಯಿ ನಾರು ತೆಗೆದ ಹಾಗೆ ಎಳೆದೆ. ಗಾಳಿಯ ಅಳತೆ ತೆಗೆದುಕೊಳ್ಳುವ ಜಾಗ ಸಿಕ್ಕಿತು. "ಅಳತೆ ಬಂದಿದೆಯಾ? ಇಲ್ಲವಾದರೆ ಬ್ರೇಕ್ ಹಾಕು" ಎಂದು ನಾನು ಬರೆದ ಸಾಲು ಅದರ ಪಕ್ಕದಲ್ಲೇ ಇರಬೇಕು.

ಇಲ್ಲ ಅಣ್ಣಾ. ಅಲ್ಲಿ ಏನೂ ಇಲ್ಲ. ಹಲ್ಲು ಕಿತ್ತ ದವಡೆಯ ಹಾಗೆ ಆ ಜಾಗ ನುಣ್ಣಗಿದೆ. ಅಳತೆ ಬರಲಿ ಬಿಡಲಿ ಚಿಪ್ಪು ಮುಂದೆ ಹೋಗುತ್ತದೆ, ಇಲ್ಲದ ಅಳತೆಯ ಲೆಕ್ಕ ಹಿಡಿದು ಇಲ್ಲದ ಜಾಗಕ್ಕೆ ಕಾಲಿಡುತ್ತದೆ, ಸಾಯುತ್ತದೆ. ಎದ್ದು ಮತ್ತೆ ಅದೇ ಕಡೆಗೆ ನಡೆಯುತ್ತದೆ. ಅದೇ ನೀವು ನೋಡಿದ ಪರದೆ.

ನನ್ನ ಸಾಲನ್ನು ಯಾರೋ ಕಿತ್ತಿದ್ದಾರೆ. ಯಾರೋ ಏನು, ತಿರುಮೂರ್ತಿಯೇ. ಬೇಕೆಂದೇ ಕಿತ್ತು, ಕಾಲು ಹೋದ ಮೇಲೆ ನನ್ನ ತಲೆಗೆ ಕಟ್ಟಿದ್ದಾರೆ. ಪೊಲೀಸ್ ಠಾಣೆಗೆ ಹೋಗುತ್ತಿದ್ದೇನೆ.

ಕಯಲ್

*

ಕಯತ್ತಾರು
14 ಏಪ್ರಿಲ್ 2019

ತಂಗೀ,

ಇವತ್ತು ತಮಿಳು ಹೊಸ ವರ್ಷದ ದಿನ. ಮನೇಲಿ ಪಾಯಸ ಮಾಡಿದಾರೆ, ನಾನು ಕಾಗದ ಬರೀತಾ ಕೂತಿದೀನಿ.

ನಿಮ್ಮ ಕಾಗದ ಓದಿ ನಾನೂ ಹಲ್ಲು ಕಡಿದೆ. ಕೊಯಮತ್ತೂರಿಗೆ ಬಂದು ಆ ಮನುಷ್ಯನ ಕತ್ತಿನ ಪಟ್ಟಿ ಹಿಡೀಬೇಕು ಅಂತ ಅಂಗಿ ಹಾಕ್ಕೊಂಡೆ. ಸುಡಲೈ ತಡೆದ. "ಭಾವಾ, ಕಿತ್ತವನಿಗೆ ಅದರಿಂದ ಏನು ಸಿಕ್ತು? ಅವನ ಯಂತ್ರ ಬಿದ್ದರೆ ಅವನ ಹೆಸರೇ ತಾನೆ ಹೋಗೋದು. ಅವನು ಕಳ್ಳ ಇರಬಹುದು, ಪೆದ್ದ ಅಲ್ಲ. ಕಾಲು ಕಳ್ಕೊಂಡವನು ನಾನು. ನನಗೆ ಸಿಟ್ಟು ತೀರಿಸ್ಕೊಳ್ಳೋದು ಬೇಡ, ಏನಾಯ್ತು ಅಂತ ಸರಿಯಾಗಿ ಗೊತ್ತಾಗಬೇಕು. ಆ ಹುಡುಗೀಗೆ ಹೇಳು."

ಹೇಳಿದೀನಿ. ಠಾಣೆಗೆ ಇನ್ನೂ ಹೋಗದಿದ್ದರೆ ಹೋಗಬೇಡಿ. ಹೋಗಿದ್ದರೆ ನಾನೂ ಬರ್ತೀನಿ.

ಇಸಕ್ಕಿದೊರೈ

*

ಸಿಂಗಾನಲ್ಲೂರು
5 ಮೇ 2019

ಅಣ್ಣಾ,

ಠಾಣೆಯ ಬಾಗಿಲವರೆಗೆ ಹೋಗಿದ್ದೆ. "ಸಾಲು ಕಿತ್ತಿದ್ದಾರೆ" ಎಂದೆ. ಪೇದೆ ನನ್ನ ಕತ್ತು ನೋಡಿ, "ಎಷ್ಟು ಎಳೆ ಸರಾನಮ್ಮಾ?" ಎಂದು ಕೇಳಿದ. ಬಂದುಬಿಟ್ಟೆ.

ಸುಡಲೈ ಹೇಳಿದ್ದೇ ಸರಿ. ತಿರುಮೂರ್ತಿ ಕಿತ್ತಿಲ್ಲ. ಯಾರೂ ಕಿತ್ತಿಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ಉರಿಯುತ್ತಿದೆ ಎಂದರೆ, ಯಾರಾದರೂ ಕಿತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಿಪ್ಪಿನೊಳಗೆ ಇನ್ನೊಂದು ವಿಷಯ ಕಂಡಿತು. ನನ್ನ ಸಾಲು ಇರಬೇಕಾದ ಜಾಗಕ್ಕಿಂತ ಮೇಲೆ, ಅಳತೆಯನ್ನು ತೆಗೆದು ದಾಖಲೆಗೆ ಬರೆಯುವ ಒಂದು ಸಾಲಿದೆ. ನಿಮ್ಮ ಧಣಿಗಳು ಪ್ರತಿ ಅಳತೆಯ ದಾಖಲೆ ಬೇಕೆಂದು ಕೇಳಿದ್ದರು, ಅದಕ್ಕಾಗಿ ಆಫೀಸಿನಲ್ಲಿ ಸೇರಿಸಿದ್ದು. ನೋಡಲು ಏನೂ ಹಾನಿಯಿಲ್ಲದ ಸಾಲು, ಅಳತೆ ಬಾರದಿದ್ದರೆ ದಾಖಲೆಗೆ ಒಂದು ಕಸದ ಅಂಕೆ ಬೀಳುತ್ತದೆ, ಅಷ್ಟೇ. ಮನೆಯ ಕಂಪ್ಯೂಟರಿನಲ್ಲಿ ಅದೇ ಕ್ರಮದಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಮೇಲೆ ದಾಖಲೆ, ಕೆಳಗೆ ನನ್ನ ಪ್ರಶ್ನೆ. ಕಂಪೈಲರಿಗೆ ಸಾದಾ ರೀತಿಯಲ್ಲಿ ಕೊಟ್ಟೆ. ನನ್ನ ಪ್ರಶ್ನೆ ಚಿಪ್ಪಿನ ಭಾಷೆಯಲ್ಲೂ ಇತ್ತು. ಆಪ್ಟಿಮೈಸೇಶನ್ ಎಂದು ಒಂದು ಸೌಲಭ್ಯವಿದೆ. ಪ್ರೋಗ್ರಾಮನ್ನು ಚಿಕ್ಕದಾಗಿ, ಚುರುಕಾಗಿ ಮಾಡು ಎಂದು ಕಂಪೈಲರಿಗೆ ಹೇಳುವುದು. ಅದನ್ನು ಹಾಕಿ ಕೊಟ್ಟೆ. ಪ್ರಶ್ನೆ ಮಾಯ.

ಯಾಕೆ ಗೊತ್ತೇ? ಒಬ್ಬ ಒಂದು ಮನೆಯೊಳಗೆ ಹೋಗಿ, ಎಲೆ ಹಾಕಿಸಿಕೊಂಡು ಉಂಡು, ಕೈ ತೊಳೆದು ಬಂದು, ಆಮೇಲೆ ಬೀದಿಯಲ್ಲಿ ನಿಂತು "ಈ ವಿಳಾಸದಲ್ಲಿ ಮನೆ ಇದೆಯಾ?" ಎಂದು ಕೇಳಿದರೆ ನೀವು ಏನನ್ನುತ್ತೀರಿ? ಉಂಡು ಬಂದಿದ್ದೀಯಲ್ಲೋ, ಇನ್ನೆಂಥ ಪ್ರಶ್ನೆ ಎನ್ನುತ್ತೀರಿ. ಕಂಪೈಲರ್ ಅದನ್ನೇ ಅಂದಿತು. ಮೇಲಿನ ಸಾಲಿನಲ್ಲಿ ಅಳತೆಯನ್ನು ಬಳಸಿಯಾಗಿದೆ, ಅಂದರೆ ಅಳತೆ ಇದ್ದೇ ಇರಬೇಕು, ಇದೆಯಾ ಎಂದು ಮತ್ತೆ ಕೇಳುವುದು ದಂಡ. ಅಳಿಸಿತು. ಅದರ ಶಾಸ್ತ್ರದ ಪ್ರಕಾರ ಅದು ಮಾಡಿದ್ದು ಸರಿ. ದಾಖಲೆಯ ಸಾಲು ಮೇಲೆ ಬಂದದ್ದು ನಮ್ಮ ತಪ್ಪು.

ಹಾಗಾದರೆ ನನ್ನ ಪರೀಕ್ಷೆಯಲ್ಲಿ ಬ್ರೇಕ್ ಯಾಕೆ ಬಿತ್ತು? ನಾನು ಪರೀಕ್ಷೆ ಮಾಡಿದ್ದು ಸಾದಾ ರೀತಿಯದ್ದನ್ನು. ನಿಮಗೆ ಬಂದದ್ದು ಚುರುಕು ಮಾಡಿದ್ದು. ಅಗ್ಗದ ಚಿಪ್ಪು ತಂದರು, ಅದರಲ್ಲಿ ಜಾಗ ಸಾಲಲಿಲ್ಲ, ಕೊನೆಗಳಿಗೆಯಲ್ಲಿ ಆ ಸೌಲಭ್ಯ ಹಾಕಿ ಹಿಂಡಿ ತುಂಬಿದರು. "ಸರ್, ಕಳಿಸೋದನ್ನೇ ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ" ಎಂದು ನಾನು ಅವರ ಮೇಜಿನ ಮುಂದೆ ನಿಂತು ಕೇಳಿದ್ದೆ. "ಅದೇ ಪ್ರೋಗ್ರಾಂ ತಾನೆ? ಆಡಿ ಹತ್ತಿರ ಬಂತು, ಮೊದಲು ಲಾರಿಗೆ ಹಾಕು" ಎಂದಿದ್ದರು.

ಅಳಿಲಿನ ಬೋರ್ಡಿನಲ್ಲೂ ಅದೇ ಕತೆ. ನನ್ನ ಸಾಲನ್ನು ಇನ್ನಷ್ಟು ಅಂದವಾಗಿ ಬರೆದು, ಅದೇ ಜಾಗದಲ್ಲಿ ಇಟ್ಟಿದ್ದಾರೆ. ಕಂಪೈಲರ್ ಅದನ್ನೂ ಅಳಿಸಿದೆ. ದಾಖಲೆಯ ಸಾಲನ್ನು ಪ್ರಶ್ನೆಯ ಕೆಳಗೆ ಇಳಿಸಿದರೆ ಮುಗಿಯಿತು. ಅಷ್ಟೇ ಕೆಲಸ. ಅಷ್ಟಕ್ಕೆ ಒಂದು ಕಾಲು.

ನಾಳೆ ಕಂಪನಿಗೆ ಹೋಗುತ್ತೇನೆ.

ಕಯಲ್

*

ಸಿಂಗಾನಲ್ಲೂರು
20 ಮೇ 2019

ಅಣ್ಣಾ,

ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ಕಾಯುವ ಹೊತ್ತಲ್ಲ.

ಕಾವಲಿನವನು ಒಳಗೆ ಬಿಡಲಿಲ್ಲ. ಊಟಕ್ಕೆ ಹೊರಟ ತಿರುಮೂರ್ತಿಯ ಕಾರಿಗೆ ಅಡ್ಡ ನಿಂತೆ. ಬಾನೆಟ್ಟಿನ ಮೇಲೇ ಕಾಗದ ಹರಡಿ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಅರ್ಧಕ್ಕೇ ಅರ್ಥವಾಯಿತು, ಮುಖ ಕಪ್ಪಿಟ್ಟಿತು.

"ಸರಿ ಅಮ್ಮಿಣಿ. ಗಾಳಿಯ ಕಾಲ ಮುಗಿಯಲಿ, ಸದ್ದಿಲ್ಲದೆ ಬದಲಾಯಿಸೋಣ. ಈಗ ಬದಲಾಯಿಸಿದರೆ ಹೋದ ಸಲ ತಪ್ಪು ನಮ್ಮದು ಅಂತ ನಾವೇ ಡಂಗುರ ಹೊಡೆದ ಹಾಗಾಗುತ್ತೆ."

"ಗಾಳಿಯ ಕಾಲದಲ್ಲೇ ಅಲ್ಲವಾ ಸರ್ ಕೇಬಲ್ ತುಂಡಾಗೋದು?"

"ನಿನಗೆ ಅವರ ಚಿಂತೆ ಯಾಕೆ? ಹತ್ತಿರ ಹೋಗಬಾರದು ಅಂದರೂ ಸುಡಲೈಮುತ್ತು ಹೋದ, ತಪ್ಪು ಅವನದೇ ಅಂತ ಆ ಇಸಕ್ಕಿದೊರೈಯೇ ಬರೆದುಕೊಟ್ಟಿದ್ದಾನೆ."

ಮೂರು ತಿಂಗಳ ಹಿಂದೆ ಆಗಿದ್ದರೆ ಈ ಮಾತನ್ನು ನಂಬಿ ನಿಮಗೆ ಬೆಂಕಿಯಂಥ ಕಾಗದ ಬರೆಯುತ್ತಿದ್ದೆ. ಈ ಸಲ ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ. ಬರೆದುಕೊಟ್ಟಿದ್ದೀರಾ?

ಇದರ ಜೊತೆ ಒಂದು ಬೋರ್ಡ್ ಬಸ್ಸಿಗೆ ಹಾಕಿದ್ದೇನೆ. ಮೂಲ ಪ್ರೋಗ್ರಾಂ ನನ್ನ ಹತ್ತಿರ ಇಲ್ಲ. ಅಳಿಲಿನ ಬೋರ್ಡಿನ ಚಿಪ್ಪಿನೊಳಗಿನ ಆಜ್ಞೆಗಳನ್ನೇ ತಿದ್ದಿ ಪ್ರಶ್ನೆಯನ್ನು ಮೇಲಕ್ಕೆ ತಂದು ಕೂರಿಸಿದ್ದೇನೆ. ಇಲ್ಲಿ ಕೇಬಲ್ ಕತ್ತರಿಸಿ ನೋಡಿದೆ. ಈ ಸಲ ಕಳಿಸುತ್ತಿರುವ ಬೋರ್ಡನ್ನೇ ಪರೀಕ್ಷೆ ಮಾಡಿದ್ದೇನೆ.

ಕಯಲ್

*

ಕಯತ್ತಾರು
16 ಜೂನ್ 2019

ತಂಗೀ,

ನಾನು ಏನನ್ನೂ ಬರೆದುಕೊಟ್ಟಿಲ್ಲ. ಕೊಡು ಅಂತ ತಿರುಮೂರ್ತಿ ಬಂದು ಕೂತಿದ್ದು ನಿಜ. ನನ್ನನ್ನ ಸೂಪರ್‌ವೈಸರ್ ಮಾಡಿಸ್ತೀನಿ ಅಂದದ್ದೂ ನಿಜ. ಬಾಗಿಲು ತೋರಿಸಿದೆ. ಅದನ್ನ ನಿಮಗೆ ಹೇಳಿರಲಿಲ್ಲ, ಯಾಕಂದ್ರೆ ಇಂಥ ಮಾತಿಗೆ ನನ್ನ ಹತ್ತಿರ ಬರಬಹುದು ಅಂತ ಅವನಿಗೆ ಅನ್ನಿಸಿತಲ್ಲ, ಅದೇ ನನಗೆ ನಾಚಿಕೆ. ಮೊದಲು ನನ್ನನ್ನೇ ಕೇಳಿದಿರಿ, ಸಂತೋಷ.

ಈಗ ಸುದ್ದಿ ಕೇಳಿ. ನಿಮ್ಮ ಕಾಗದವನ್ನ ಇಲ್ಲಿನ ಟೆಕ್ನಿಷಿಯನ್‌ಗಳಿಗೆಲ್ಲ ಓದಿದೆ. ಉಂಡು ಬಂದು ಮನೆ ಎಲ್ಲಿ ಅಂತ ಕೇಳೋ ಕತೆ ಎಲ್ಲರಿಗೂ ಒಂದೇ ಏಟಿಗೆ ತಿಳೀತು. ಮಾರನೇ ದಿನ ಆ ಬೋರ್ಡ್ ಇರೋ ಫ್ಯಾನುಗಳಿಗೆಲ್ಲ ಕೈಬ್ರೇಕ್ ಎಳೆದು ಬೀಗ ಹಾಕಿದ್ವಿ. ಒಳ್ಳೇ ಗಾಳಿ ಬೀಸ್ತಿದೆ, ಫ್ಯಾನುಗಳು ಗೂಟಕ್ಕೆ ಕಟ್ಟಿದ ಗೂಳಿ ಥರ ನಿಂತಿವೆ. ಹೆದ್ದಾರೀಲಿ ಹೋಗೋರೆಲ್ಲ ಗಾಡಿ ನಿಲ್ಲಿಸಿ ನೋಡಿದರು.

ಚೆನ್ನೈಯಿಂದ ಧಣಿಗಳು ಓಡಿ ಬಂದರು, ಹಿಂದೇನೇ ತಿರುಮೂರ್ತಿ. "ಕೆಲಸದಿಂದ ತೆಗೀತೀನಿ" ಅಂದರು ಧಣಿಗಳು. "ತೆಗೀರಿ ಸ್ವಾಮಿ. ಬೀಗ ನೀವೇ ತೆಗೆದು, ಕೆಳಗೆ ನೀವೇ ನಿಂತ್ಕೊಳ್ಳಿ" ಅಂದೆ. ನಿಲ್ಲಲಿಲ್ಲ.

ಗಾಳಿ ತಗ್ಗಿದ ಹೊತ್ತು ನೋಡಿ, ಎಲ್ಲರನ್ನೂ ದೂರ ನಿಲ್ಲಿಸಿ, ಕಂಪನಿಯ ಬೋರ್ಡ್ ಇರೋ ಫ್ಯಾನಿನ ಕೇಬಲ್ ಕತ್ತರಿಸಿದೆ. ಪರದೆ ಆರಿತು, ಹೊತ್ತಿತು, ಆರಿತು. ರೆಕ್ಕೆ ತಿರುಗ್ತಾನೇ ಇತ್ತು. ಕೈಬ್ರೇಕ್ ಎಳೆದೆ. ಅದೇ ಫ್ಯಾನಿಗೆ ನಿಮ್ಮ ಬೋರ್ಡ್ ಹಾಕಿ ಮತ್ತೆ ಕತ್ತರಿಸಿದೆ. ಇಕ್ಕಳ ಇನ್ನೂ ಕೈಯಲ್ಲೇ ಇತ್ತು, ಧಡ್ ಅಂತ ಬ್ರೇಕ್ ಬಿತ್ತು. ಕಂಬ ಒಂದು ಸಲ ಅದುರಿತು, ನಿಂತ್ಕೊಂತು.

ಧಣಿಗಳು ತಿರುಮೂರ್ತಿ ಕಡೆ ತಿರುಗಿ, "ಏನ್ರೀ ಇದು?" ಅಂದರು. "ಚಿಕ್ಕ ಸೆಟ್ಟಿಂಗ್ ವಿಷಯ ಸಾರ್" ಅಂದ ಅವನು. ಆಟೋದಲ್ಲಿ ಕೂತು ನೋಡ್ತಿದ್ದ ಸುಡಲೈ ಅಲ್ಲಿಂದಲೇ ಕೂಗಿದ: "ಚಿಕ್ಕದಾ? ನನ್ನ ಪ್ಯಾಂಟ್ ಮಡಚಿ ತೋರಿಸಲಾ, ಎಷ್ಟು ಚಿಕ್ಕದು ಅಂತ?"

ಆಡಿಗೆ ಮುಂಚೆ ಎಲ್ಲ ಬೋರ್ಡೂ ಬದಲಾಗಬೇಕು ಅಂತ ಧಣಿಗಳು ಅಲ್ಲೇ ಹೇಳಿದರು. ನನ್ನನ್ನ ಕೆಲಸದಿಂದ ತೆಗೆದದ್ದೂ ಆವತ್ತೇ.

ಇಸಕ್ಕಿದೊರೈ

*

ಸಿಂಗಾನಲ್ಲೂರು
4 ಆಗಸ್ಟ್ 2019

ಅಣ್ಣಾ,

ನಿಮ್ಮ ಕೆಲಸ ಹೋದ ಸುದ್ದಿಯನ್ನು ಕಾಗದದ ಕೊನೆಯ ಸಾಲಿನಲ್ಲಿ ಇಟ್ಟಿರಿ. ನಾನು ಅದನ್ನೇ ಮೊದಲು ಓದಿದೆ. ಈಗ ಬೇರೆಯವರ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೀರಿ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಎಲ್ಲ ಬೋರ್ಡೂ ಬದಲಾದವು ಎಂದೂ ಅವರೇ ಹೇಳಿದರು. ಆಡಿ ಗಾಳಿಗೆ ಮಸಾಲೆ ಅರೆಯುವ ಅಮ್ಮಿಕಲ್ಲೇ ಹಾರುತ್ತದಂತೆ, ಎರಡು ಕಡೆ ಕೇಬಲ್ ಹರಿಯಿತಂತೆ, ಎರಡು ಕಡೆಯೂ ಬ್ರೇಕ್ ಬಿತ್ತಂತೆ. ಕಂಪನಿಯ ಪತ್ರಿಕೆಯಲ್ಲಿ ತಿರುಮೂರ್ತಿಯ ಫೋಟೋ ಬಂದಿದೆ, ಅವರ ತಂಡ ಸುರಕ್ಷತೆಯನ್ನು ಹೆಚ್ಚಿಸಿತು ಎಂದು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಹೋದ ವಾರ ಅವರೇ ಕರೆಸಿದರು. ಕಾಫಿ ತರಿಸಿದರು. "ಕೆಲಸಕ್ಕೆ ಬಂದುಬಿಡು. ಹಳೇದೆಲ್ಲ ಮರೆತುಬಿಡೋಣ" ಎಂದರು. "ಬರ್ತೀನಿ ಸರ್. ಪರೀಕ್ಷೆ ಸುಳ್ಳಲ್ಲ ಅಂತ ಬರೆದುಕೊಡಿ. ಸುಡಲೈಮುತ್ತು ಅವರದು ತಪ್ಪಿಲ್ಲ ಅಂತಲೂ ಬರೆದುಕೊಡಿ" ಎಂದೆ. "ಬಾಯಲ್ಲಿ ಹೇಳ್ತೀನಲ್ಲ, ಸಾಲದಾ? ಬರೆದುಕೊಟ್ಟರೆ ನಾಳೆ ಅವನು ಕೇಸ್ ಹಾಕ್ತಾನೆ." "ಅದಕ್ಕೇ ಸರ್ ಬರೆದುಕೊಡಿ ಅಂದದ್ದು" ಎಂದು ಎದ್ದು ಬಂದೆ. ಕಾಫಿ ಕುಡಿಯಲಿಲ್ಲ.

ನನಗೆ ಈಗ ಸಿಟ್ಟು ತಣ್ಣಗಾಗಿದೆ ಎಂದು ಅಮ್ಮ ಅಂದುಕೊಂಡಿದ್ದಾಳೆ. ತಣ್ಣಗಾಗಿಲ್ಲ. ಮೊದಲು ಎಲ್ಲರ ಮೇಲೂ ಹಾರುತ್ತಿತ್ತು, ಈಗ ಒಂದು ಕಡೆ ಮುಖ ಮಾಡಿ ಕೂತಿದೆ.

ತಿರುನೆಲ್ವೇಲಿಯ ಕಾರ್ಮಿಕ ಇಲಾಖೆಯಲ್ಲಿ ಸುಡಲೈ ಅವರ ಪರಿಹಾರದ ಅರ್ಜಿಯ ವಿಚಾರಣೆ ಇದೇ 19ನೇ ತಾರೀಖು, ಸೋಮವಾರ. ಚಿಪ್ಪಿನಲ್ಲಿ ಕಂಡದ್ದನ್ನು ನಾನು ಹೇಳುತ್ತೇನೆ, ಕಣ್ಣಿಂದ ಕಂಡದ್ದನ್ನು ನೀವು ಹೇಳಿ. ಹಿಂದಿನ ದಿನ ಭಾನುವಾರವೇ ಬಂದು ನಿಮ್ಮ ಮನೆಯಲ್ಲಿ ಇಳಿಯುತ್ತೇನೆ. ಆ ಕಚೇರಿ ಮಹಡಿಯ ಮೇಲಿದೆಯಂತೆ, ಲಿಫ್ಟ್ ಇಲ್ಲವಂತೆ. ನೀವು ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವರನ್ನು ಹತ್ತಿಸೋಣ. ದಾರಿಯುದ್ದಕ್ಕೂ ಬೈಯುತ್ತಾರೆ. ಬೈಯಲಿ.

ಕಯಲ್